ಮುಯ್ಯಾಳಿಗೆ ಬಂದ ಗ್ರ್ಯಾಂಟು

ಕಳೆದ ವಾರ ಒಂದು ದಿನ, ಬಿಸಿಲು ಏರುವ ಹೊತ್ತಿಗೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಆಚೆಗಿರುವ ಒಂದು ಸಣ್ಣ ಊರಿನಲ್ಲಿ ರತ್ನಳ ಮನೆಯ ಜಗಲಿ ಮೇಲೆ ಕೂತಿದ್ದೆ. (ಊರಿನ ಹೆಸರು ಬೇಡ. ಅಲ್ಲಿಯವರೂ ಈ ಅಂಕಣ ಓದುತ್ತಾರೆ, ಓದಿ ಫೋನ್ ಮಾಡುತ್ತಾರೆ.) ರತ್ನ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದವಳು. ಅದು ವಾರದ ನಡುವಿನ ದಿನ, ಡ್ಯೂಟಿಯ ಹೊತ್ತು. ಆದರೆ ಅವಳು ಮನೆಯಲ್ಲಿದ್ದಳು. ತೊಡೆಯ ಮೇಲೆ ಮಗಳು ಚಿನ್ನು. ಆ ಮಗುವಿಗೆ ಇನ್ನೂ ಮೂರು ವರ್ಷ ತುಂಬಿಲ್ಲ.

“ಯಾಕಮ್ಮ, ಕೆಲಸಕ್ಕೆ ಹೋಗ್ತಾ ಇಲ್ವಾ?” ಅಂದೆ.

“ಎಲ್ ಹೋಗ್ಲಿ ಮೇಡಂ. ಮಗೂನ ನೋಡ್ಕಳೋರು ಯಾರೂ ಇಲ್ಲ. ಮನೇಲಿ ಅತ್ತೆಗೆ ಕಣ್ಣು ಕಾಣಲ್ಲ, ನಮ್ಮನೆಯೋರು ಅಂತರಸನಹಳ್ಳಿ ವರ್ಕ್‌ಶಾಪ್‌ಗೆ ಹೊಂಟೋಯ್ತಾರೆ. ಸೋಮವಾರದಿಂದ ಬಂದ್ರೆ ಹೊಸ ಲೈನಿಗೆ ಹಾಕ್ಕತೀನಿ, ಇಲ್ದಿದ್ರೆ ಬ್ಯಾರೆಯೋರ್ನ ತಗತೀನಿ ಅಂತ ಸೂಪರ್‌ವೈಸರ್ ಹೇಳವ್ನೆ.”

ಎದುರು ಮನೆಯ ಜಗಲಿಯಲ್ಲಿ ಭಾಗ್ಯ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಭಾಗ್ಯ ನನ್ನ ಹಳೆಯ ವಿದ್ಯಾರ್ಥಿನಿ. ಗುಬ್ಬಿಯ ಪಿಯು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ ಎರಡನೇ ಬೆಂಚಿನಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದವಳು. ನಾನು ಆ ಊರಿಗೆ ಹೋಗಿದ್ದೇ ಅವಳನ್ನು ನೋಡಲು.

“ಭಾಗ್ಯ ಇಲ್ಲೇ ಎದುರಿಗೇ ಇದಾಳಲ್ಲೇ?” ಅಂದೆ.

“ಅವ್ಳು ನೋಡ್ಕಳೋ ಹಂಗಿಲ್ಲ ಮೇಡಂ. ಸರ್ವೆಯೋರು ಬಂದು ಹೋಗೋಗಂಟ ಯಾರೂ ಯಾರ ಮಕ್ಳನ್ನೂ ನೋಡ್ಕಬಾರ್ದು ಅಂತ ಹೇಳವ್ರೆ.”

ನಾನು ನಕ್ಕೆ. ಇಬ್ಬರೂ ನಗಲಿಲ್ಲ.

ಯಾರು ಹಾಗೆ ಹೇಳಿದ್ದು? ಪೊಲೀಸರಾ? ಕೋರ್ಟಾ? ಊರಿನಲ್ಲಿ ಏನಾದರೂ ಅಂಟುರೋಗ ಬಂದಿದೆಯಾ? ಅದ್ಯಾವುದೂ ಅಲ್ಲ. ಹೇಳಿದ್ದು ಒಂದು ಪ್ರಾಜೆಕ್ಟು. ಅದೂ ಇನ್ನೂ ಬಂದಿರದ, ಬರಬಹುದಾದ ಪ್ರಾಜೆಕ್ಟು. ಹೀಗೂ ಉಂಟೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವತ್ತು ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ವಾರ ಬೇರೇನೋ ಬರೆಯಬೇಕು ಅಂದುಕೊಂಡಿದ್ದವಳು ಇದನ್ನು ಬರೆಯುತ್ತಿದ್ದೇನೆ.

ಕಥೆ ಅರ್ಥವಾಗಬೇಕಾದರೆ ನಿಮಗೆ ಮುಯ್ಯಾಳು ಅಂದರೆ ಏನು ಅಂತ ಗೊತ್ತಿರಬೇಕು. ಗುಬ್ಬಿ, ಕುಣಿಗಲ್ ಕಡೆಯವರಿಗೆ ಹೇಳಬೇಕಾಗಿಲ್ಲ. ತುಮಕೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗಾಗಿ ಹೇಳುತ್ತೇನೆ. ಇವತ್ತು ನನ್ನ ಹೊಲದ ರಾಗಿ ಪೈರಿನ ಕಳೆ ಕೀಳುವುದಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ. ಇಷ್ಟೇ ಒಪ್ಪಂದ. ಕೂಲಿಯ ಮಾತಿಲ್ಲ. ಯಾರ ಹೊಲವೋ ಅವರ ಮನೆಯ ಊಟ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಇದರಲ್ಲಿ ಇನ್ನೊಂದು ವಿಷಯ ಇದೆ. ಕೂಲಿಗೆ ಬಂದವರನ್ನು “ಬೇಗ ಬೇಗ ಕೈ ಆಡ್ಸೇ” ಅಂತ ಗದರಿಸುವ ಯಜಮಾನತಿಯೂ ಮುಯ್ಯಾಳಿಗೆ ಬಂದವಳ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಾಳೆ. ನಾಳೆ ಅವಳ ಹೊಲದಲ್ಲಿ ಬಗ್ಗಿ ನಿಲ್ಲಬೇಕಾದವಳು ಈ ಯಜಮಾನತಿಯೇ ಅಲ್ಲವೇ? ಸಣ್ಣಪುಟ್ಟದ್ದನ್ನೆಲ್ಲ ನುಂಗಿಕೊಂಡು ಹೋಗುತ್ತಾರೆ.

ಆಮೇಲೆ ರಾಗಿ ಹೊಲಗಳು ತೆಂಗಿನ ತೋಟಗಳಾದವು. ಹೆಂಗಸರು ಫ್ಯಾಕ್ಟರಿ ಬಸ್ಸು ಹತ್ತಿದರು. ಕಳೆ ಕೀಳುವ ಕೆಲಸವೇ ಇಲ್ಲದ ಮೇಲೆ ಮುಯ್ಯಾಳು ಎಲ್ಲಿಂದ ಉಳಿಯಬೇಕು? ಆದರೆ ಈ ಊರಿನಲ್ಲಿ ಉಳಿಯಿತು. ಭಾಗ್ಯ, ರತ್ನ ಮತ್ತು ಅವರ ಬೀದಿಯ ಹೆಂಗಸರು ಅದನ್ನು ಮಕ್ಕಳ ಕಡೆ ತಿರುಗಿಸಿಕೊಂಡರು. ಫಸ್ಟ್ ಶಿಫ್ಟಿನವಳ ಮಗುವನ್ನು ಸೆಕೆಂಡ್ ಶಿಫ್ಟಿನವಳು ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಬಸ್ಸಿಳಿದು ಬಂದವಳು ಇವಳ ಮಗುವನ್ನು ಎತ್ತಿಕೊಳ್ಳುತ್ತಾಳೆ, ಇವಳು ಬಸ್ಸು ಹತ್ತುತ್ತಾಳೆ. ವಾರದ ರಜೆ ಯಾರಿಗಿದೆಯೋ ಅವಳು ಇಡೀ ದಿನ ಇರುತ್ತಾಳೆ. ಅನ್ನ, ಸಾರು, ಹಾಲು ಎಲ್ಲ ಅವರವರ ಮನೆಯಿಂದ ಬರುತ್ತದೆ.

ಅಂಗನವಾಡಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಅದರ ಬಾಗಿಲು ತೆರೆಯುವ ಹೊತ್ತಿಗೆ ಫಸ್ಟ್ ಶಿಫ್ಟಿನವರು ಅರ್ಧ ಕೆಲಸ ಮುಗಿಸಿರುತ್ತಾರೆ. ಮೇಲಾಗಿ ಕಂಕುಳಲ್ಲಿರುವ ಕೂಸುಗಳಿಗೆ ಅಲ್ಲಿ ಜಾಗವಿಲ್ಲ.

ಮಕ್ಕಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಒಂದು ಜಾಗ ಬೇಕಿತ್ತು. ಊರಿನವರೊಬ್ಬರ ಖಾಲಿ ಕೊಬ್ಬರಿ ಶೆಡ್ಡು ಇತ್ತು, ಬಾಡಿಗೆ ಕೇಳದೆ ಕೊಟ್ಟರು. ಮೇಲೆ ಶೀಟು, ಅದರ ಮೇಲೆ ತೆಂಗಿನ ಗರಿ ಹೊದಿಸಿಕೊಂಡರು. ಸೀರೆ ಕಟ್ಟಿ ತೊಟ್ಟಿಲು ಮಾಡಿಕೊಂಡರು. ನಾನು ಮೊದಲ ಸಲ ಹೋದಾಗ ಐದಾರು ಮಕ್ಕಳು ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗಿದ್ದವು. ಯಾವುದು ಯಾರ ಮಗು ಅಂತ ಗೊತ್ತಾಗಲಿಲ್ಲ. ಅಲ್ಲಿದ್ದವಳನ್ನು ಕೇಳಿದರೆ ಅವಳೂ ಒಂದು ನಿಮಿಷ ಯೋಚನೆ ಮಾಡಿ ಹೇಳಿದಳು.

ಒಂದೇ ಒಂದು ಕೊರತೆ ಇತ್ತು. ಟಾಯ್ಲೆಟ್ಟು.

“ಮಕ್ಳದ್ದು ಹೆಂಗೋ ಆಯ್ತದೆ ಮೇಡಂ, ನೀರಾಕಿ ತೊಳ್ದ್ರೆ ಆಯ್ತು. ನಮ್ದೇ ಕಷ್ಟ. ಮಕ್ಳನ್ನ ಬಿಟ್ಟು ಮನೆಗೆ ಓಡೋಕಾಗಲ್ಲ. ಇನ್ನೊಬ್ಳು ಬಸ್ಸಿಳಿಯೋಗಂಟ ತಡ್ಕಂಡು ಕೂತಿರ್ಬೇಕು,” ಅಂತ ಭಾಗ್ಯ ಹೇಳಿದ್ದಳು. ಪಂಚಾಯ್ತಿಗೆ ಅಲೆದಿದ್ದಳು. ಶೆಡ್ಡು ಖಾಸಗಿಯವರದ್ದು, ಆಗಲ್ಲ ಅಂದಿದ್ದರು.

ಹಾಗಿರುವಾಗ, ಚಿನ್ನು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ತುಮಕೂರಿನ ಒಂದು ಹೋಟೆಲಿನ ಎ.ಸಿ. ಹಾಲ್‌ನಲ್ಲಿ ಒಂದು ಕಾರ್ಯಾಗಾರ ನಡೆಯಿತು. ಅನುದಾನ ಸೆಳೆಯುವಂಥ ಪ್ರಾಜೆಕ್ಟ್ ಐಡಿಯಾ ರೂಪಿಸುವುದು ಹೇಗೆ ಅನ್ನುವುದು ವಿಷಯ. ಬೆಂಗಳೂರಿನ ಒಂದು ಕಂಪನಿಯ ಫೌಂಡೇಶನ್ ನಡೆಸಿದ್ದು. ನನ್ನನ್ನು “ಮನ ಮುಟ್ಟುವಂತೆ ಬರೆಯುವುದು” ಅಂತ ಒಂದು ಗಂಟೆ ಮಾತಾಡಲು ಕರೆದಿದ್ದರು. (ನಿವೃತ್ತ ಕನ್ನಡ ಲೆಕ್ಚರರ್ ಅಂದರೆ ಸದಾ ಫ್ರೀ ಅಂತ ಎಲ್ಲರಿಗೂ ಗೊತ್ತು. ಊಟ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.) ಭಾಗ್ಯಳಿಗೆ ನಾನೇ ಫೋನ್ ಮಾಡಿ, ಟಾಯ್ಲೆಟ್ಟಿನ ವಿಷಯ ಹೇಳು, ಯಾರಾದರೂ ಕೊಟ್ಟಾರು, ಬಾ ಅಂದೆ. ಅವಳು ವಾರದ ರಜೆ ಹಾಕಿಕೊಂಡು ಬಂದಳು.

ಫೌಂಡೇಶನ್ನಿನ ಮೇಡಂ ಎಲ್ಲರಿಗೂ ಒಂದೊಂದು ಚಾರ್ಟ್ ಪೇಪರ್, ಸ್ಕೆಚ್ ಪೆನ್ ಕೊಟ್ಟರು. “ನಿಮ್ಮ ಸಮಸ್ಯೆಯ ಮರ ಬರೆಯಿರಿ,” ಅಂದರು. ಬೇರಿನಲ್ಲಿ ಕಾರಣಗಳು, ಕಾಂಡದಲ್ಲಿ ಸಮಸ್ಯೆ, ಕೊಂಬೆಗಳಲ್ಲಿ ಪರಿಣಾಮಗಳು. ಎಲ್ಲರೂ ಬಗ್ಗಿ ಬರೆದರು. ಹಾಲ್ ತುಂಬ ಆಲದ ಮರಗಳೆದ್ದವು. ಒಬ್ಬರ ಮರ ಇನ್ನೊಬ್ಬರ ಮರಕ್ಕಿಂತ ದೊಡ್ಡದು, ಕೊಂಬೆ ಕೊಂಬೆಗೂ ಕುಡಿತ, ಅಪೌಷ್ಟಿಕತೆ, ಶಾಲೆ ಬಿಟ್ಟ ಮಕ್ಕಳು. ಭಾಗ್ಯ ತೆಂಗಿನ ಮರ ಬರೆದಿದ್ದಳು.

ಮೇಡಂ ಅವಳ ಹತ್ತಿರ ಬಂದು ನಿಂತರು. “ಇದೇನ್ರೀ, ಕೊಂಬೆಗಳೇ ಇಲ್ವಲ್ಲ?”

“ತೆಂಗಿನ ಮರಕ್ಕೆ ಕೊಂಬೆ ಎಲ್ ಬರುತ್ತೆ ಮೇಡಂ?”

ಹಾಲ್ ನಕ್ಕಿತು. ಮೇಡಮ್ಮೂ ನಕ್ಕರು. ಒಳ್ಳೆಯವರೇ. ಭಾಗ್ಯಳ ಭುಜದ ಮೇಲೆ ಕೈಯಿಟ್ಟು, “ಹೋಗಲಿ, ನಿಮ್ಮ ಸಮಸ್ಯೆ ಏನು ಹೇಳಿ,” ಅಂದರು.

“ಟಾಯ್ಲೆಟ್ ಇಲ್ಲ ಮೇಡಂ. ಮಿಕ್ಕಿದ್ದೆಲ್ಲ ಚೆನ್ನಾಗಿದೆ.”

“ಟಾಯ್ಲೆಟ್ ಇಲ್ಲದಿರೋದು ಸಮಸ್ಯೆ ಅಲ್ಲಮ್ಮ, ಸಿಂಪ್ಟಮ್. ಡೀಪ್ ಆಗಿ ಯೋಚನೆ ಮಾಡಿ. ಅದರ ಹಿಂದೆ ಏನಿದೆ?”

ಭಾಗ್ಯ ಡೀಪ್ ಆಗಿ ಯೋಚನೆ ಮಾಡಿದಳು. “ಹಿಂದೆ ಕೆರೆ ಏರಿ ಇದೆ ಮೇಡಂ,” ಅಂದಳು.

ಅವತ್ತು ನಾನೂ ಎಲ್ಲರ ಜೊತೆ ನಕ್ಕೆ. ಈಗ ಕೋಪ ಬರುತ್ತದೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅನ್ನುವ ಮಾತು ಆ ಹಾಲ್‌ನಲ್ಲಿ ಬೇರೆ ಯಾರ ಬಾಯಲ್ಲೂ ಬರಲಿಲ್ಲ. ಬರುವಂತಿರಲಿಲ್ಲ. ಚೆನ್ನಾಗಿರುವವರಿಗೆ ಯಾರು ದುಡ್ಡು ಕೊಡುತ್ತಾರೆ? ಹೆಣ್ಣು ತೋರಿಸುವ ದಿನ ಹುಡುಗಿಗೆ ಅಲಂಕಾರ ಮಾಡುತ್ತೇವಲ್ಲ, ಅಲ್ಲಿ ಊರುಗಳಿಗೆ ಅದರ ತದ್ವಿರುದ್ಧ ಅಲಂಕಾರ ನಡೆಯುತ್ತಿತ್ತು. ಇದ್ದ ಒಡವೆಯನ್ನೆಲ್ಲ ಬಿಚ್ಚಿಟ್ಟು, ಹರಿದ ಸೀರೆ ಉಡಿಸಿ, ಕರೆದುಕೊಂಡು ಬಂದು ನಿಲ್ಲಿಸುವುದು.

ಊಟದ ಹೊತ್ತಿಗೆ ಪ್ರದೀಪ್ ಸಿಕ್ಕ. ಕುಣಿಗಲ್‌ನಲ್ಲಿ ಒಂದು ಸಣ್ಣ ಟ್ರಸ್ಟ್ ನಡೆಸುವ ಯುವಕ. ಸಮಾಜಕಾರ್ಯ ಓದಿಕೊಂಡವನು, ಪ್ರಪೋಸಲ್ ಬರೆಯುವುದರಲ್ಲಿ ಪಳಗಿದ ಕೈ. ಮೊಸರನ್ನದ ತಟ್ಟೆ ಹಿಡಿದುಕೊಂಡೇ ಭಾಗ್ಯಳ ಕಥೆಯನ್ನೆಲ್ಲ ಕೇಳಿಸಿಕೊಂಡ.

“ಸೂಪರ್ ಐಡಿಯಾ ಇದು ಮೇಡಂ,” ಅಂದ.

“ಐಡಿಯಾ ಏನ್ ಬಂತು? ನಡೀತಾನೇ ಇದೆಯಲ್ಲ,” ಅಂದಳು ಭಾಗ್ಯ.

“ಅದೇ ಪ್ರಾಬ್ಲಂ. ನಡೀತಾ ಇರೋದಕ್ಕೆ ಫಂಡ್ ಬರಲ್ಲ. ನಾವು ಬಂದ್ಮೇಲೆ ಏನ್ ಬದಲಾಯ್ತು ಅಂತ ತೋರಿಸ್ಬೇಕಲ್ವಾ? ಆಮೇಲೆ ಟಾಯ್ಲೆಟ್ ಬಿಡಿ. ಸಿವಿಲ್ ವರ್ಕ್ ಈ ಫಂಡಲ್ಲಿ ಇಲ್ವೇ ಇಲ್ಲ.”

ಟಾಯ್ಲೆಟ್ ಕೇಳಲು ಬಂದವಳಿಗೆ ಟಾಯ್ಲೆಟ್ ಬಿಡಿ ಅಂದ. ಅಲ್ಲಿಗೇ ಎದ್ದು ಬರಬೇಕಿತ್ತು. ಆದರೆ ಪ್ರದೀಪನ ಮಾತಿನಲ್ಲಿ ಒಂದು ನ್ಯಾಯ ಇತ್ತು. ಮೊದಲು ಒಂದು ಪ್ರಾಜೆಕ್ಟ್ ತಗೊಳ್ಳಿ, ಹೆಸರು ಬರುತ್ತೆ, ಆಮೇಲೆ ಟಾಯ್ಲೆಟ್ ಯಾರಾದರೂ ಕೊಡುತ್ತಾರೆ. ಭಾಗ್ಯಳಿಗೆ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು.

ಕೆಲವು ವಾರಗಳ ನಂತರ ಪ್ರಪೋಸಲ್ಲಿನ ಕನ್ನಡ ಸಾರಾಂಶವನ್ನು ಪ್ರದೀಪ್ ನನಗೆ ವಾಟ್ಸಾಪ್ ಮಾಡಿ, ಸ್ವಲ್ಪ ನೋಡಿ ಮೇಡಂ ಅಂದ. ನೋಡಿದೆ. ಆ ಊರು ನನಗೆ ಗುರುತೇ ಸಿಗಲಿಲ್ಲ. ತಾಯಂದಿರು ಕೆಲಸಕ್ಕೆ ಹೋದಾಗ ಮಕ್ಕಳು ಅಸುರಕ್ಷಿತ. ಈಗಿರುವ ವ್ಯವಸ್ಥೆ ಅನೌಪಚಾರಿಕ, ಅವೈಜ್ಞಾನಿಕ. ನೋಡಿಕೊಳ್ಳುವವರಿಗೆ ತರಬೇತಿ ಇಲ್ಲ, ಉತ್ತರದಾಯಿತ್ವ ಇಲ್ಲ. ಪರಿಹಾರ: ಒಬ್ಬ ತರಬೇತಿ ಪಡೆದ, ಗೌರವಧನ ಪಡೆಯುವ ಸಂಯೋಜಕಿ.

ಸಿಟ್ಟು ಬಂದು ಪ್ರದೀಪನಿಗೆ ಫೋನ್ ಮಾಡಿದೆ. “ಹಂಗೆ ಬರೀದಿದ್ರೆ ಬರಲ್ಲ ಮೇಡಂ,” ಅಂದ. ಭಾಗ್ಯಳಿಗೆ ಓದಿ ಹೇಳಿದೆ. ಅವಳಿಗೆ ಸಿಟ್ಟೇ ಬರಲಿಲ್ಲ.

“ಬರ್ಕಳ್ಲಿ ಬುಡಿ ಮೇಡಂ. ಅವ್ರು ಬರ್ಕಂಡ ಮಾತ್ರಕ್ಕೆ ನಾವು ಹಂಗಾಗ್ಬುಡ್ತೀವಾ?”

ಆಗುತ್ತೇವೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಗ್ರ್ಯಾಂಟ್ ಬಂತು. ಒಂದು ವರ್ಷದ ಪೈಲಟ್ ಪ್ರಾಜೆಕ್ಟ್ ಅಂದರು. ಶೆಡ್ಡಿಗೆ ಬಣ್ಣದ ಬೋರ್ಡ್ ಬಂತು. ನೆಲಕ್ಕೆ ಎ ಬಿ ಸಿ ಡಿ ಇರುವ ಫೋಮ್ ಮ್ಯಾಟ್ ಬಂತು. ಹಾಜರಾತಿ ಫೋಟೋ ಹಾಕಲು ಟ್ಯಾಬ್ ಬಂತು. ಭಾಗ್ಯಳಿಗೆ ಏಪ್ರನ್ ಬಂತು. ಯಾರಾದರೂ ಒಬ್ಬರು ಸಂಯೋಜಕಿ ಆಗಲೇಬೇಕಿತ್ತು. ಓಡಾಡಿದವಳು ಇವಳೇ, ಪಿಯುಸಿ ಓದಿದವಳೂ ಇವಳೇ, ಹಾಗಾಗಿ ಇವಳೇ ಆದಳು. ಎರಡೂ ಕಡೆ ಇರಲು ಆಗುವುದಿಲ್ಲ ಅಂತ ಫ್ಯಾಕ್ಟರಿ ಬಿಟ್ಟಳು. ಉದ್ಘಾಟನೆಗೆ ನಾನೂ ಹೋಗಿದ್ದೆ. ಟೇಪು ಕತ್ತರಿಸುವಾಗ ರತ್ನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮೊದಲ ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಒಬ್ಬೊಬ್ಬರೇ ಮಕ್ಕಳನ್ನು ನೋಡಿಕೊಳ್ಳಲು ಬರುವುದು ನಿಲ್ಲಿಸಿದರು. ಜಗಳ ಮಾಡಿಕೊಂಡು ಹೋದದ್ದಲ್ಲ, ಸುಮ್ಮನೆ ಬಿಟ್ಟರು. ಸೆಕೆಂಡ್ ಶಿಫ್ಟಿನವಳು ಬೆಳಗ್ಗೆ ಮಗುವನ್ನು ಶೆಡ್ಡಿನಲ್ಲಿ ಬಿಟ್ಟು ಮನೆಗೆ ಹೋಗಿ ಮಲಗಿದಳು. ವಾರದ ರಜೆಯವಳು ಬಟ್ಟೆ ಒಗೆಯಲು ಹೋದಳು. ತಪ್ಪೇನು? ನೋಡಿಕೊಳ್ಳಲು ಒಬ್ಬಳಿದ್ದಾಳೆ. ಅವಳಿಗೆ ದುಡ್ಡು ಕೊಡುತ್ತಾರೆ. ದುಡ್ಡು ತಗೊಳ್ಳುವವಳ ಕೆಲಸಕ್ಕೆ ಮುಯ್ಯಾಳಾಗಿ ಯಾರಾದರೂ ಹೋಗುತ್ತಾರೆಯೇ? ಹೊಲದಲ್ಲೂ ಹೋಗುತ್ತಿರಲಿಲ್ಲ. ಅದು ಆ ಪದ್ಧತಿಯಷ್ಟೇ ಹಳೆಯ ಲೆಕ್ಕಾಚಾರ. ಬೆಂಗಳೂರಿನವರಿಗೆ ಅದು ಗೊತ್ತಿರಲಿಲ್ಲ ಅಂದರೆ ನಂಬಬಹುದು. ಈ ಹೆಂಗಸರಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಹೀಗಾಗುತ್ತದೆ ಅಂತ ಮೊದಲೇ ಹೊಳೆಯಲಿಲ್ಲ.

ಭಾಗ್ಯ ಒಬ್ಬಳೇ ಆದಳು. ಬೆಳಗಿನ ಮೊದಲ ಬಸ್ಸಿನಿಂದ ರಾತ್ರಿಯ ಕೊನೆಯ ಬಸ್ಸಿನ ತನಕ, ಅಷ್ಟೂ ಮಕ್ಕಳು, ಒಬ್ಬಳು. (ಟಾಯ್ಲೆಟ್ ಇನ್ನೂ ಇರಲಿಲ್ಲ, ನೆನಪಿರಲಿ. ಈಗ ಬಿಡುವು ಕೊಡಲು ಇನ್ನೊಬ್ಬಳೂ ಬರುತ್ತಿರಲಿಲ್ಲ.)

ಒಂದು ಸಂಜೆ ಚಿನ್ನುವಿನ ತೋಳಿನ ಮೇಲೆ ಹಲ್ಲಿನ ಗುರುತು ಇತ್ತು. ಇನ್ನೊಂದು ಮಗು ಕಚ್ಚಿತ್ತು. ಮಕ್ಕಳು ಅಂದ ಮೇಲೆ ಕಚ್ಚುತ್ತವೆ, ಪರಚುತ್ತವೆ. ಮೊದಲೂ ಎಷ್ಟೋ ಸಲ ಆಗಿತ್ತು, ಯಾರೂ ಯಾರನ್ನೂ ಕೇಳಿರಲಿಲ್ಲ. ಅವತ್ತು ರತ್ನ ಕೇಳಿದಳು.

ಕಳೆದ ವಾರ ಜಗಲಿಯ ಮೇಲೆ ಕೂತು ಅವಳೇ ಅದನ್ನು ನನಗೆ ಹೇಳಿದಳು, ಭಾಗ್ಯಳ ಎದುರೇ. “ನಂಗೇನಾಗಿತ್ತೋ ಕಾಣೆ ಮೇಡಂ. ಸುಸ್ತಾಗಿ ಬಂದಿದ್ದೆ. ಸಂಬಳ ಎಣಿಸ್ಕತೀಯಲ್ಲ, ಕಣ್ಣೆಲ್ಲಿ ಇಟ್ಟಿದ್ದೆ ಅಂದ್ಬುಟ್ಟೆ. ಇವ್ಳು ಒಂದ್ ಮಾತೂ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿರೋದು.”

ಭಾಗ್ಯ ಹುಣಸೆಹಣ್ಣಿನಿಂದ ತಲೆ ಎತ್ತಲಿಲ್ಲ. “ಏನ್ ಆಡ್ಲಿ? ಎಣಿಸ್ಕತಿದ್ದದ್ದು ನಿಜ ತಾನೆ,” ಅಂದಳು.

ಒಂದೇ ಬೀದಿಯಲ್ಲಿ ಎದುರುಬದುರು ಮನೆಯವರು ಅವತ್ತಿನಿಂದ ಮಾತು ಬಿಟ್ಟರು. ಮಗುವನ್ನು ಬಿಡುವಾಗ, ಕರೆದುಕೊಂಡು ಹೋಗುವಾಗಲೂ ಮಾತಿಲ್ಲ. ಟ್ಯಾಬ್‌ನಲ್ಲಿ ಮಾತ್ರ ಎಲ್ಲ ಹಸಿರು ಬಣ್ಣ. ಹಾಜರಾತಿ ಪೂರ್ತಿ. ತರಬೇತಿ ಆಗಿದೆ. ಫಲಾನುಭವಿಗಳಿಗೆ ತೃಪ್ತಿ.

ವರ್ಷ ಮುಗಿಯಿತು. ಸಮಾರೋಪಕ್ಕೆ ಫೌಂಡೇಶನ್ನಿನ ಮೇಡಂ ಬಂದರು. “ಇವತ್ತಿನಿಂದ ಈ ಕೇಂದ್ರ ನಿಮ್ಮದು. ಸಮುದಾಯವೇ ಇದನ್ನು ನಡೆಸಿಕೊಂಡು ಹೋಗಬೇಕು,” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೆ ಮುಂಚೆ ಅದು ಯಾರದ್ದಾಗಿತ್ತು? ಈ ಪ್ರಶ್ನೆ ನನ್ನ ಬಾಯಿಗೆ ಬಂತು. ಆದರೆ ಹೆಗಲಿಗೆ ಶಾಲು ಹಾಕಿಸಿಕೊಂಡು ವೇದಿಕೆಯ ಮೇಲೆ ಕೂತಾಗ ಇಂಥ ಪ್ರಶ್ನೆ ಕೇಳುವುದು ಕಷ್ಟ. ಹೋಗುವಾಗ ಟ್ಯಾಬ್ ತೆಗೆದುಕೊಂಡು ಹೋದರು. ಪ್ರಾಜೆಕ್ಟಿನ ಆಸ್ತಿಯಂತೆ. ಮ್ಯಾಟ್ ಬಿಟ್ಟು ಹೋದರು, ಅದು ಅಷ್ಟು ಹೊತ್ತಿಗೆ ಹರಿದಿತ್ತು.

ಆಮೇಲೆ ಶೆಡ್ಡಿಗೆ ಬೀಗ ಬಿತ್ತು. ಭಾಗ್ಯಳಿಗೆ ಗೌರವಧನವೂ ಇಲ್ಲ, ಫ್ಯಾಕ್ಟರಿಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಮಿಕ್ಕವರಲ್ಲಿ ಕೆಲವರು ಮಕ್ಕಳನ್ನು ತವರಿಗೆ ಕಳಿಸಿದರು, ಕೆಲವರು ಕೆಲಸ ಬಿಟ್ಟರು. ರತ್ನ ಒಂದಷ್ಟು ದಿನ ಹೋಗಿ, ಒಂದಷ್ಟು ದಿನ ತಪ್ಪಿಸಿ, ಕೊನೆಗೆ ಹೆಸರು ತೆಗೆಸಿಕೊಂಡಳು.

ಹಳೆಯ ಹಾಗೆ ಶುರು ಮಾಡಿಕೊಳ್ಳುವುದಕ್ಕೇನು ಅಂತ ಕೇಳುತ್ತೀರಾ? ಹೇಳುವುದು ಸುಲಭ. ಯಾರು ಮೊದಲು ಹೋಗಿ ಕರೆಯಬೇಕು? ವರ್ಷಪೂರ್ತಿ ಸಂಬಳ ತಗೊಂಡವಳು ಈಗ ಬಿಟ್ಟಿ ಬನ್ನಿ ಅನ್ನಬೇಕಾ? ಅಥವಾ ಅವಳಿಗೆ ಆ ಮಾತು ಅಂದವಳು ಬಂದು ಮಗುವನ್ನು ನೋಡ್ಕೋ ಅನ್ನಬೇಕಾ?

ಕೊನೆಗೆ ಹೋದದ್ದು ರತ್ನ. ಹೊಸ ಲೈನ್ ಶುರುವಾಗುತ್ತೆ, ಮತ್ತೆ ಹಾಕಿಕೊಳ್ಳುತ್ತಾರೆ ಅಂತ ಗೊತ್ತಾದ ದಿನ ಒಂದು ಪಾತ್ರೆ ಬಸ್ಸಾರು ತೆಗೆದುಕೊಂಡು ಬೀದಿ ದಾಟಿ ಭಾಗ್ಯಳ ಮನೆಗೆ ಹೋದಳು. “ಅತ್ಲಾಗೆ ಬುಡು ಭಾಗ್ಯಕ್ಕ, ಆಗಿದ್ದಾಯ್ತು,” ಅಂದಳಂತೆ. ಭಾಗ್ಯ ಪಾತ್ರೆ ಈಸಿಕೊಂಡಳಂತೆ. ಮಾರನೆಯ ದಿನ ಇಬ್ಬರೂ ಮನೆಮನೆಗೆ ಹೋಗಿ ಮಾತಾಡಿದರು. ಗೊಣಗಿಕೊಂಡಾದರೂ ಎಲ್ಲರೂ ಒಪ್ಪಿದರು. ಶೆಡ್ಡು ಗುಡಿಸಿದರು. ಹೊಸ ಗರಿ ತರಿಸಿದರು. ಮುಂದಿನ ವಾರದಿಂದ ಶುರು ಅಂತ ಮಾತಾಯಿತು.

ಅಷ್ಟರಲ್ಲಿ ಪ್ರದೀಪನ ಫೋನ್ ಬಂತು.

ಅದೇ ಫೌಂಡೇಶನ್, ಹೊಸ ಥೀಮ್. ನಶಿಸಿಹೋದ ಗ್ರಾಮೀಣ ಸಹಕಾರ ಪದ್ಧತಿಗಳ ಪುನರುಜ್ಜೀವನ. ಹೌದು, ಮತ್ತೊಮ್ಮೆ ಓದಿಕೊಳ್ಳಿ. ಮುಯ್ಯಾಳಿನಂಥವನ್ನು ಮತ್ತೆ ಬದುಕಿಸುವುದಕ್ಕೆ ಈಗ ದುಡ್ಡು ಕೊಡುತ್ತಾರಂತೆ. ಪ್ರದೀಪನಿಗೆ ತಕ್ಷಣ ಈ ಊರು ನೆನಪಾಗಿದೆ. ಮತ್ತೆ, ಈ ಸಲದ ಫಂಡಿನಲ್ಲಿ ಸಿವಿಲ್ ವರ್ಕ್ ಇದೆ. ಟಾಯ್ಲೆಟ್ ಕಟ್ಟಿಸಿಕೊಡಬಹುದು. ನೀರಿನ ಟ್ಯಾಂಕನ್ನೂ ಇಡಿಸಬಹುದು. ಒಂದೇ ಷರತ್ತು. ಮೊದಲು ಬೇಸ್‌ಲೈನ್ ಸರ್ವೆ ಆಗಬೇಕು. ಅಂದರೆ, ಪ್ರಾಜೆಕ್ಟ್ ಬರುವುದಕ್ಕೆ ಮುಂಚೆ ಊರಿನ ಸ್ಥಿತಿ ಎಷ್ಟು ಕೆಟ್ಟಿತ್ತು ಅಂತ ಮನೆಮನೆ ಕೇಳಿ ಬರೆದುಕೊಂಡು ಹೋಗುವುದು. ಸರ್ವೆಯವರು ಬಂದಾಗ ಅಲ್ಲಿ ಹೆಂಗಸರು ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುತ್ತಾ ಕೂತಿದ್ದರೆ, ನಶಿಸಿಹೋದದ್ದು ಏನು ಅಂತ ತೋರಿಸುವುದು?

ಅದಕ್ಕೇ ಆ ಅಪ್ಪಣೆ. ಸರ್ವೆ ಆಗುವ ತನಕ ಯಾರೂ ಯಾರ ಮಕ್ಕಳನ್ನೂ ನೋಡಿಕೊಳ್ಳಬಾರದು.

ಜಗಲಿಯ ಮೇಲಿಂದಲೇ ಪ್ರದೀಪನಿಗೆ ಫೋನ್ ಮಾಡಿದೆ. ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿ ಬೈಯಲಿಲ್ಲ.

“ನೀವು ಹೇಳೋದು ಸರಿ ಮೇಡಂ. ಆದ್ರೆ ಬೇಸ್‌ಲೈನಲ್ಲಿ ಏನೂ ಇಲ್ಲ ಅಂತ ಇದ್ರೆ ತಾನೆ ಕೊನೇಲಿ ಏನೋ ಆಯ್ತು ಅಂತ ತೋರ್ಸಕ್ಕಾಗೋದು? ರೂಲ್ ನಾನು ಮಾಡಿದ್ದಲ್ಲ. ಈ ಪ್ರಾಜೆಕ್ಟ್ ಬರ್ಲಿಲ್ಲ ಅಂದ್ರೆ ನಮ್ಮ ಆಫೀಸೂ ಮುಚ್ಚುತ್ತೆ. ನನಗೂ ಮನೆ ಇದೆ. ಟಾಯ್ಲೆಟ್ ಬೇಕು ಅಂತ ಅವರೇ ತಾನೆ ಮೊದಲಿಂದ ಕೇಳ್ತಾ ಇದ್ದಿದ್ದು?”

“ಸರ್ವೆ ಯಾವಾಗ?”

“ಅಪ್ರೂವಲ್ ಆಗ್ಬೇಕು. ಮುಂದಿನ ವಾರ ಇರಬಹುದು, ಮುಂದಿನ ತಿಂಗಳೂ ಇರಬಹುದು. ಟೀಮ್ ಬೆಂಗಳೂರಿಂದ ಬರ್ಬೇಕಲ್ಲ.”

ಫೋನ್ ಇಟ್ಟೆ. ನನಗೆ ಅವನ ಮೇಲಿದ್ದ ಸಿಟ್ಟೂ ಪೂರ್ತಿ ಉಳಿಯಲಿಲ್ಲ, ಅದು ಇನ್ನೂ ಕೆಟ್ಟದ್ದು. ಒಬ್ಬ ಕಳ್ಳನಾದರೂ ಸಿಕ್ಕಿದ್ದರೆ ಈ ಅಂಕಣ ಬರೆಯುವುದು ಸುಲಭವಾಗುತ್ತಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರು. ಮೇಡಂ ಒಳ್ಳೆಯವರು, ಪ್ರದೀಪ ಒಳ್ಳೆಯವನು, ರೂಲು ಕೂಡ ಯಾರೋ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದಿರಬೇಕು. ಒಳ್ಳೆಯವರೆಲ್ಲ ಸೇರಿ ಇದ್ದದ್ದನ್ನು ಕೆಡಿಸಿದರು. ಈಗ ಕೆಟ್ಟದ್ದು ಮತ್ತೆ ಸರಿಹೋಗದ ಹಾಗೆ ಕಾವಲು ಕಾಯುತ್ತಿದ್ದಾರೆ.

“ಈ ಸರ್ವೆ ಗಿರ್ವೆ ಎಲ್ಲ ಬಿಡ್ರೇ,” ಅಂದೆ. “ಸೋಮವಾರದಿಂದ ಚಿನ್ನುನ ಭಾಗ್ಯ ನೋಡ್ಕೊಳ್ಲಿ. ಶೆಡ್ಡಲ್ಲಿ ಬೇಡ, ಮನೆ ಒಳಗೇ ಇಟ್ಕೊಳ್ಲಿ. ಯಾರಿಗೆ ಗೊತ್ತಾಗುತ್ತೆ?”

ಭಾಗ್ಯ ರತ್ನಳ ಮುಖ ನೋಡಿದಳು. “ನಾನು ಮೊನ್ನೆಯಿಂದ ಅದ್ನೇ ಹೇಳ್ತಿದೀನಿ ಮೇಡಂ. ಇವ್ಳು ಕೇಳಲ್ಲ.”

“ಬ್ಯಾಡ ಮೇಡಂ,” ಅಂದಳು ರತ್ನ. “ಮನೆಮನೆಗೆ ಬಂದು ಕೇಳ್ತಾರಂತೆ. ಪಕ್ಕದ್ಮನೆಯೋರು ನಿನ್ ಮಗೂನ ನೋಡ್ಕತಾರಾ ಅಂತ. ಇವ್ಳು ನೋಡ್ಕತಿದ್ರೆ ನೋಡ್ಕತಾಳೆ ಅನ್ಬೇಕು. ನಾನು ಹೆಂಗೆ ಇಲ್ಲ ಅನ್ಲಿ? ಇವ್ಳಿಗೆ ಒಂದ್ಸಲ ಅಂದಿರೋ ಮಾತೇ ಸಾಕಾಗ್ಯದೆ. ಹೂಂ ಅಂದ್ರೆ ಎಲ್ರುದೂ ಟಾಯ್ಲೆಟ್ ಹೋಯ್ತು. ನನ್ನೊಬ್ಳ ಕೆಲಸಕ್ಕೋಸ್ಕರ ಅಷ್ಟು ಜನಕ್ಕೆ ಮೋಸ ಮಾಡ್ಲಾ? ನಾಳೆ ಎಲ್ಲಾರೂ ಬಂದು ಇದೇ ಶೆಡ್ಡಲ್ಲಿ ಕೂರ್ಬೇಕು.”

ನಶಿಸಿಹೋಗಿದೆ ಅಂತ ಬರೆದುಕೊಳ್ಳಲು ಯಾರೋ ಬರುತ್ತಾರಲ್ಲ, ಅದು ಇನ್ನೂ ಇಲ್ಲೇ ಈ ಜಗಲಿಯ ಮೇಲೆ ಮಗು ಎತ್ತಿಕೊಂಡು ಕೂತಿದೆ ಅಂತ ಅನ್ನಿಸಿತು. ಅನ್ನಿಸಿದ್ದನ್ನು ಅವಳಿಗೆ ಹೇಳಲಿಲ್ಲ. ಅದರಿಂದ ಅವಳಿಗೆ ಬರುವುದೇನು? ಚಿನ್ನು ತೊಡೆಯಿಂದಿಳಿದು, ಬೀದಿಗೆ ಸಿಡಿದಿದ್ದ ಒಂದು ಹುಣಸೆ ಬೀಜವನ್ನು ಬಾಯಿಗೆ ಹಾಕಿಕೊಳ್ಳಲು ಹೋದಳು. ಎದುರು ಜಗಲಿಯಿಂದ ಭಾಗ್ಯ ಎದ್ದು ಓಡಿಬಂದು ಕಿತ್ತುಕೊಂಡಳು.

ಸೋಮವಾರ ಬಂತು, ಹೋಯಿತು. ಸಂಜೆ ಭಾಗ್ಯಳಿಗೆ ಫೋನ್ ಮಾಡಿದೆ. ರತ್ನ ಹೋಗಲಿಲ್ಲ. ಹೊಸ ಲೈನಿನಲ್ಲಿ ಅವಳ ಜಾಗಕ್ಕೆ ಬೇರೆ ಊರಿನ ಹುಡುಗಿಯನ್ನು ತಗೊಂಡರಂತೆ. ಸರ್ವೆಯ ಟೀಮಿನ ಸುದ್ದಿ ಇಲ್ಲ. ಶೆಡ್ಡಿನ ಮೇಲೆ ಹೊದಿಸಲು ತಂದಿದ್ದ ಗರಿಯನ್ನು ಸೌದೆಗೆ ಹಾಕಿಕೊಳ್ಳುತ್ತಿದ್ದಾರಂತೆ.

ಈ ಅಂಕಣವನ್ನು ಆ ಫೌಂಡೇಶನ್ನಿನವರು ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಓದಿದರೆ ಅವರನ್ನು ಒಂದೇ ಒಂದು ವಿಷಯ ಕೇಳಬೇಕಾಗಿದೆ. ಹೊಸ ಪ್ರಾಜೆಕ್ಟ್ ಬೇಡ, ಟಾಯ್ಲೆಟ್ಟಿನ ಮಾತೂ ಸದ್ಯಕ್ಕೆ ಹಾಗಿರಲಿ.

ಸ್ವಾಮಿ, ನಿಮ್ಮ ಸರ್ವೆಯವರು ಬರುವ ತನಕ ರತ್ನಳ ಮಗುವನ್ನು ಸ್ವಲ್ಪ ನೀವೇ ನೋಡಿಕೊಳ್ಳುತ್ತೀರಾ?